ಕಾರ್ಬುರೇಟರ್ ಬಿಚ್ಚಿದವರ ಕಥೆ

ಚೆನ್ನೈನ ಪುದುಪೇಟೆಗೆ ನೀವು ಯಾವತ್ತಾದ್ರೂ ಹೋಗಿದ್ದೀರಾ? ಎಗ್ಮೋರ್ ಸ್ಟೇಷನ್ನಿಗೆ ಹತ್ತಿರ. ಹಳೇ ಗಾಡಿಗಳ ಕೈಕಾಲು, ಕರುಳು, ಹೃದಯ ಎಲ್ಲವೂ ಬಿಡಿಬಿಡಿಯಾಗಿ ಸಿಗುವ ಜಾಗ ಅದು. ಅಲ್ಲಿ ಗುಡ್ಡೆ ಹಾಕಿರುವ ಹಳೇ ಕಾರ್ಬುರೇಟರುಗಳನ್ನು ನೋಡಿದರೆ ನನಗೆ ಒಂದು ಇತಿಹಾಸದ ಪುಸ್ತಕವನ್ನೇ ಹರಿದು ಗುಡ್ಡೆ ಹಾಕಿದ ಹಾಗೆ ಕಾಣುತ್ತೆ. ಇಂಗ್ಲೆಂಡಿನ ಅಮಲ್, ಜೆಕ್ ನಾಡಿನ ಜಿಕೋವ್, ಜಪಾನಿನ ಮಿಕುನಿ... ನಮ್ಮ ದೇಶದ ಮೋಟಾರ್ ಸೈಕಲ್ಲುಗಳು ಯಾವ ಯಾವ ದಾರಿಯಿಂದ ಬಂದವು ಅನ್ನೋದು ಅದರಲ್ಲೇ ಬರೆದಿದೆ.

ನಾನು ಬಿ.ಕಾಂ. ಓದಿ ಬ್ಯಾಂಕು ಸೇರಿದವನು, ಇಂಜಿನಿಯರ್ ಅಲ್ಲ. ಆದರೆ ಹುಟ್ಟಿದ್ದು ಮೈಸೂರಿನಲ್ಲಿ, ಅನ್ನ ತಿನ್ನುತ್ತಿರುವುದು ಚೆನ್ನೈನಲ್ಲಿ. ಒಂದು ಊರು ಜಾವಾ ಮಾಡಿತು, ಇನ್ನೊಂದು ಊರು ಬುಲೆಟ್ ಮಾಡಿತು. ಇಷ್ಟಾದ ಮೇಲೂ ಗಾಡಿಗಳ ಬಗ್ಗೆ ಕುತೂಹಲ ಇಲ್ಲ ಅಂದ್ರೆ ಅದು ಊರಿಗೇ ಅವಮಾನ ಅಲ್ವಾ?

ಹಳೇ ಗಾಡಿ ಇಟ್ಟುಕೊಂಡವರು ತಲೆಮಾರಿನಿಂದ ಕೇಳುತ್ತಾ ಬಂದಿರೋ ಪ್ರಶ್ನೆ ಒಂದೇ: "ದೊಡ್ಡ ಕಾರ್ಬು ಹಾಕಿಸಿದರೆ ಗಾಡಿ ಜೋರಾಗಿ ಓಡುತ್ತಾ?" ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಬರ್ಮಿಂಗ್‌ಹ್ಯಾಮಿನಿಂದ ಷೋಳವರಂವರೆಗೆ ಒಂದು ಸುತ್ತು ಹಾಕಬೇಕಾಗುತ್ತದೆ. ಬನ್ನಿ, ಹೋಗಿಬರೋಣ.

ಫ್ಲಿಟ್ ಪಂಪಿನ ಅಣ್ಣ

ಮೊದಲು ಈ ಕಾರ್ಬುರೇಟರ್ ಅಂದ್ರೆ ಏನು ಅಂತ ನೋಡೋಣ. ನಮ್ಮ ಬಾಲ್ಯದಲ್ಲಿ ಸೊಳ್ಳೆಗೆ ಹೊಡೆಯೋ ಫ್ಲಿಟ್ ಪಂಪ್ ಇತ್ತಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಹಿಡಿ ತಳ್ಳಿದರೆ ಗಾಳಿ ಸಣ್ಣ ತೂತಿನಿಂದ ಜೋರಾಗಿ ನುಗ್ಗುತ್ತೆ, ಡಬ್ಬಿಯೊಳಗಿನ ಔಷಧಿ ಕೊಳವೆಯಲ್ಲಿ ತಾನಾಗಿಯೇ ಮೇಲೆ ಬಂದು ಮಂಜಿನ ಹಾಗೆ ಹಾರುತ್ತೆ. ಕಾರ್ಬುರೇಟರ್ ಮಾಡೋದೂ ಇಷ್ಟೇ. ಇಂಜಿನ್ನಿನ ಪಿಸ್ಟನ್ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಗಾಳಿ ಒಂದು ಸಪೂರ ಕುತ್ತಿಗೆಯ ಮೂಲಕ ಹೋಗುವಾಗ ಅದರ ವೇಗ ಹೆಚ್ಚುತ್ತೆ, ಒತ್ತಡ ಇಳಿಯುತ್ತೆ. ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲು ಜೆಟ್ ಎಂಬ ಸಣ್ಣ ತೂತಿನಿಂದ ಮೇಲೆ ಬಂದು ಗಾಳಿಯಲ್ಲಿ ಬೆರೆಯುತ್ತೆ. ಕುತ್ತಿಗೆಯಲ್ಲಿ ಗಾಳಿಯ ಒತ್ತಡ ಇಳಿಯುವ ಈ ಗುಣಕ್ಕೆ ಇಟಲಿಯ ವೆಂಚುರಿ ಎಂಬ ವಿಜ್ಞಾನಿಯ ಹೆಸರಿದೆ. ಆತ ಅದರ ಬಗ್ಗೆ ಬರೆದದ್ದು 1797ರಲ್ಲಿ. ಅಂದ್ರೆ ಪೆಟ್ರೋಲ್ ಇಂಜಿನ್ ಹುಟ್ಟುವುದಕ್ಕಿಂತ ಎಷ್ಟೋ ಮೊದಲು.

ಆ ತತ್ವವನ್ನು ಇಂಜಿನ್ನಿಗೆ ಹೊಂದಿಸಿದ್ದು 1893ರಲ್ಲಿ. ಹಂಗೇರಿಯ ಡೊನಾತ್ ಬಾಂಕಿ ಮತ್ತು ಯಾನೋಶ್ ಚೋಂಕಾ ಪೇಟೆಂಟ್ ಪಡೆದರು. ಹೆಚ್ಚೂಕಮ್ಮಿ ಅದೇ ಹೊತ್ತಿಗೆ ಜರ್ಮನಿಯಲ್ಲಿ ಡೈಮ್ಲರ್ ಜೊತೆಗಿದ್ದ ವಿಲ್ಹೆಲ್ಮ್ ಮೇಬಾಖ್ ಕೂಡಾ ಪೆಟ್ರೋಲು ಚಿಮ್ಮಿಸುವ ಕಾರ್ಬುರೇಟರ್ ತಯಾರಿಸಿದ. ಅದಕ್ಕೆ ಮೊದಲು ಪೆಟ್ರೋಲಿನ ಮೇಲೆ ಗಾಳಿ ಹಾಯಿಸಿ, ಅದರ ಆವಿಯನ್ನು ಇಂಜಿನ್ನಿಗೆ ಕಳಿಸುತ್ತಿದ್ದರು. ಚಿಮ್ಮಿಸುವುದು ಬಂದ ಮೇಲೆ ಅಳತೆ ಬಂತು. ಅಳತೆ ಬಂದ ಕಡೆ ಲೆಕ್ಕ ಬರುತ್ತೆ ನೋಡಿ, ಇಲ್ಲಿಂದ ಮುಂದೆ ಇದು ನನಗೂ ಅರ್ಥವಾಗುವ ವಿಷಯ!

ಲೆಕ್ಕ ಇಷ್ಟೇ. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲು ಇದಕ್ಕಿಂತ ಕಡಿಮೆಯಾದರೆ ಮಿಶ್ರಣ ತೆಳುವಾಯಿತು, ಮೆಕ್ಯಾನಿಕ್‌ಗಳ ಭಾಷೆಯಲ್ಲಿ ‘ಲೀನ್’. ಹೆಚ್ಚಾದರೆ ದಪ್ಪವಾಯಿತು, ‘ರಿಚ್’. ಜೋರು ಎಳೆತ ಬೇಕಾದಾಗ ಸ್ವಲ್ಪ ರಿಚ್ ಇದ್ದರೆ ಒಳ್ಳೆಯದು, ಇಂಜಿನ್ನೂ ತಣ್ಣಗಿರುತ್ತೆ. ಗಾಳಿ ಒಂದು ಕಡೆ, ಪೆಟ್ರೋಲು ಇನ್ನೊಂದು ಕಡೆ. ಜಮಾ-ಖರ್ಚಿನ ಪುಸ್ತಕದ ಎರಡು ಬದಿ ಇದ್ದ ಹಾಗೆ. ಒಂದು ಬದಿ ಮಾತ್ರ ತಿದ್ದಿದರೆ ತಾಳೆ ಬೀಳೋದಿಲ್ಲ. ಕಾರ್ಬುರೇಟರ್ ಬಿಚ್ಚಿದವರ ಇತಿಹಾಸ ಪೂರಾ ಈ ಒಂದು ಮಾತಿನ ಸುತ್ತಲೇ ತಿರುಗುತ್ತೆ.

ಬರ್ಮಿಂಗ್‌ಹ್ಯಾಮಿನ ಪಾಠ

1927ರಲ್ಲಿ ಇಂಗ್ಲೆಂಡಿನಲ್ಲಿ ಮೂರು ಕಾರ್ಬುರೇಟರ್ ಕಂಪನಿಗಳು ಒಂದಾದವು: ಅಮ್ಯಾಕ್, ಬ್ರೌನ್ ಅಂಡ್ ಬಾರ್ಲೋ, ಬಿಂಕ್ಸ್. ಹುಟ್ಟಿದ್ದು ಅಮಲ್. ಬ್ಯಾಂಕುಗಳ ವಿಲೀನ ನೋಡಿ ನೋಡಿ ಸಾಕಾಗಿರೋ ನನಗೆ ಈ ವಿಲೀನದ ಬಗ್ಗೆ ಮಾತ್ರ ಗೌರವ. ಮುಂದಿನ ನಾಲ್ಕು ದಶಕ ಬ್ರಿಟಿಷ್ ಮೋಟಾರ್ ಸೈಕಲ್ ಅಂದ್ರೆ ಸಾಮಾನ್ಯವಾಗಿ ಅದರ ಮೇಲೆ ಅಮಲ್ ಕಾರ್ಬುರೇಟರ್ ಇರಲೇಬೇಕು ಅನ್ನೋ ಹಾಗಾಯಿತು.

ಅಮಲ್ ಜಗತ್ತಿಗೆ ಕಲಿಸಿದ್ದು ಕ್ರಮಬದ್ಧವಾದ ಟ್ಯೂನಿಂಗ್. ಆಕ್ಸಿಲರೇಟರ್ ತಿರುಗಿಸುತ್ತಾ ಹೋದ ಹಾಗೆ ಕಾರ್ಬುರೇಟರಿನೊಳಗೆ ಅಧಿಕಾರ ಕೈ ಬದಲಾಗುತ್ತೆ. ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್ ಮತ್ತು ಗಾಳಿ ಸ್ಕ್ರೂ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಓರೆ ಕೊಯ್ತ. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್, ಅಂದ್ರೆ ಜೆಟ್ಟಿನೊಳಗೆ ಇಳಿಬಿದ್ದ ಚೂಪು ಸೂಜಿ. ಮುಕ್ಕಾಲಿನ ಮೇಲೆ ಮೇನ್ ಜೆಟ್. ಎಲ್ಲಿ ಗಾಡಿ ಮುಗ್ಗರಿಸುತ್ತೋ ಅಲ್ಲಿನ ಅಧಿಕಾರಿಯನ್ನು ಮಾತ್ರ ಬದಲಿಸಬೇಕು, ಒಂದು ಸಲಕ್ಕೆ ಒಂದೇ ಬದಲಾವಣೆ. ಜೆಟ್ಟಿನ ಮೇಲೆ ಕೊರೆದ ಸಂಖ್ಯೆ ಸುಮ್ಮನೆ ಹಾಕಿದ್ದಲ್ಲ, ಒಂದು ನಿಮಿಷಕ್ಕೆ ಎಷ್ಟು ಸಿ.ಸಿ. ದ್ರವ ಅದರ ಮೂಲಕ ಹರಿಯುತ್ತೆ ಅನ್ನುವ ಅಳತೆ. 180 ಅಂತಿದ್ದರೆ ನಿಮಿಷಕ್ಕೆ 180 ಸಿ.ಸಿ. ಎಷ್ಟು ನೇರ ಲೆಕ್ಕ ನೋಡಿ.

1955ರ ಹೊತ್ತಿಗೆ ಅಮಲ್ ಮೊನೊಬ್ಲಾಕ್ ಬಂತು. ಅಲ್ಲಿಯವರೆಗೆ ಪಕ್ಕದಲ್ಲಿ ಪ್ರತ್ಯೇಕವಾಗಿ ನೇತಾಡುತ್ತಿದ್ದ ಪೆಟ್ರೋಲ್ ಬಟ್ಟಲು ಕಾರ್ಬುರೇಟರಿನ ಮೈಗೇ ಅಂಟಿಕೊಂಡಿತು. ಆಮೇಲೆ ಬಂತು ಪ್ರಸಿದ್ಧ ಪ್ರಕರಣ. 1956ರಲ್ಲಿ ಅಮೆರಿಕಾದ ಯೂಟಾದ ಬಾನವಿಲ್ ಉಪ್ಪಿನ ಬಯಲಿನಲ್ಲಿ ಜಾನಿ ಆಲೆನ್ ಎಂಬಾತ 650 ಸಿ.ಸಿ. ಟ್ರಯಂಫ್ ಇಂಜಿನ್ನಿನ ಗಾಡಿಯನ್ನು ಗಂಟೆಗೆ 214 ಮೈಲಿ ಓಡಿಸಿದ. ಆ ಹೆಸರಿನ ಹುರುಪಿನಲ್ಲಿ ಟ್ರಯಂಫ್ ಕಂಪನಿ 1959ರ ಮಾದರಿಯಾಗಿ ಬಾನವಿಲ್ ಎಂಬ ಗಾಡಿ ತಂದಿತು. ಎರಡು ಸಿಲಿಂಡರ್, ಎರಡಕ್ಕೂ ಒಂದೊಂದು ಕಾರ್ಬುರೇಟರ್, 46 ಅಶ್ವಶಕ್ತಿ. ಆ ಕಾಲದ ಹುಡುಗರಿಗೆ ಹುಚ್ಚು ಹಿಡಿಸೋಕೆ ಇನ್ನೇನು ಬೇಕು?

ಆದರೆ ಆ ಮೊದಲ ಬಾನವಿಲ್ಲಿನಲ್ಲಿ ಎರಡು ಮೊನೊಬ್ಲಾಕ್‌ಗಳ ಬಟ್ಟಲನ್ನು ಕತ್ತರಿಸಿ ತೆಗೆದು, ಎರಡಕ್ಕೂ ಸೇರಿ ನಡುವೆ ಒಂದೇ ಬಟ್ಟಲು ನೇತುಹಾಕಿದ್ದರು. ಆ ಏರ್ಪಾಟು ತೊಂದರೆ ಕೊಟ್ಟು, ಕೆಲವೇ ವರ್ಷದಲ್ಲಿ ಕಂಪನಿಯೇ ಅದನ್ನು ಕೈಬಿಟ್ಟು ಬಟ್ಟಲಿರುವ ಪೂರ್ತಿ ಮೊನೊಬ್ಲಾಕ್‌ಗಳನ್ನೇ ಹಾಕಿತು. ಇನ್ನೊಂದು ಫಜೀತಿ ಮಾಲೀಕರ ಪಾಲಿಗೆ ಉಳಿಯಿತು. ಎರಡು ಕಾರ್ಬುರೇಟರ್ ಅಂದ್ರೆ ಒಂದೇ ನೊಗದ ಎರಡು ಎತ್ತು, ಒಂದು ಹೆಜ್ಜೆ ಮುಂದಿಟ್ಟರೆ ಇನ್ನೊಂದೂ ಇಡಬೇಕು. ಕೇಬಲ್ ಒಂದು ಕೂದಲೆಳೆ ಸಡಿಲವಾದರೂ ಗಾಡಿ ಕುಂಟುತ್ತೆ. ದಿನಾ ಕೆಲಸಕ್ಕೆ ಹೋಗುವವರಿಗೆ ಒಂದೇ ಕಾರ್ಬುರೇಟರಿನ ಟ್ರಯಂಫೇ ನೆಮ್ಮದಿ ಕೊಡುತ್ತಿತ್ತು. ಬಾನವಿಲ್ಲಿಗೆ ಶಕ್ತಿ ಬಂದದ್ದು ಎರಡನೇ ಕಾರ್ಬುರೇಟರಿನಿಂದ ಮಾತ್ರ ಅಲ್ಲ. ಅದರ ಹೆಡ್ಡು, ಕ್ಯಾಮು, ಕಂಪ್ರೆಷನ್ ಎಲ್ಲಾ ಸೇರಿ ಬಂದದ್ದು. ಮೂಗು ದೊಡ್ಡದಾದರೆ ಸಾಲದು, ಎದೆಯೂ ದೊಡ್ಡದಾಗಬೇಕು.

ಮೈಸೂರಿಗೆ ಬಂದ ಜಾವಾ, ಮದ್ರಾಸಿಗೆ ಬಂದ ಬುಲೆಟ್

ಸ್ವಾತಂತ್ರ್ಯ ಬಂದ ಹೊಸದರಲ್ಲಿ ವಿದೇಶಿ ವಿನಿಮಯ ಉಳಿಸಬೇಕು ಅಂತ ಸರ್ಕಾರ ಹೊರಗಿನ ಗಾಡಿಗಳಿಗೆ ಬಾಗಿಲು ಬಿಗಿ ಮಾಡುತ್ತಾ ಬಂತು. ಬೇಕಾದರೆ ಇಲ್ಲೇ ತಯಾರಿಸಿ ಅಂತ. 1955ರಲ್ಲಿ ಮದ್ರಾಸ್ ಮೋಟಾರ್ಸ್ ಮತ್ತು ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಸೇರಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು. ಚೆನ್ನೈನ ಉತ್ತರಕ್ಕಿರುವ ತಿರುವೊಟ್ರಿಯೂರಿನಲ್ಲಿ ಕಾರ್ಖಾನೆ. ಅಲ್ಲಿಂದ ಹೊರಬಂದ ಬುಲೆಟ್ 346 ಸಿ.ಸಿ.ಯದು, ನಾಲ್ಕು ಸ್ಟ್ರೋಕ್.

ಇನ್ನು ನಮ್ಮ ಜಾವಾ. ಜೆಕ್ ನಾಡಿನ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗ ಕೊಂಡುಕೊಂಡ. ತನ್ನ ಹೆಸರಿನ ‘ಜಾ’ ಮತ್ತು ವಾಂಡರರ್‌ನ ‘ವಾ’ ಸೇರಿಸಿ ಜಾವಾ ಅಂತ ಕರೆದ. ಅದನ್ನು ಮೈಸೂರಿಗೆ ತಂದವರು ಇರಾನಿ ಕುಟುಂಬದ ರುಸ್ತುಂ ಮತ್ತು ಫಾರೂಕ್ ಇರಾನಿಯವರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರ ಬೆಂಬಲವಿತ್ತು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿತು. 1970ರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಆಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮೈಸೂರಿನ ಎಷ್ಟು ಮನೆಗಳ ಒಲೆ ಅದನ್ನೇ ನಂಬಿತ್ತು ಅನ್ನೋದು ಬೇರೆಯೇ ಬರೆಯಬೇಕಾದ ಕಥೆ.

ಜಾವಾ ಎರಡು ಸ್ಟ್ರೋಕಿನ ಗಾಡಿ. ಅದಕ್ಕೆ ವಾಲ್ವ್ ಇಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಹೋಗುತ್ತಾ ಸಿಲಿಂಡರಿನ ಕಿಂಡಿಗಳನ್ನು ತೆರೆದು ಮುಚ್ಚುತ್ತೆ. ಗಾಡಿ ನಿಧಾನ ಇದ್ದಾಗ ಒಳಗೆ ಬಂದ ಮಿಶ್ರಣ ಕಿಂಡಿ ಮುಚ್ಚುವ ಮೊದಲೇ ಸ್ವಲ್ಪ ಹಿಂದಕ್ಕೆ, ಕಾರ್ಬುರೇಟರಿನ ಬಾಯಿಗೇ ಉಗುಳಿ ಬರುತ್ತೆ. ಅಲ್ಲದೆ ಈ ಇಂಜಿನ್ನಿಗೆ ಬೇರೆ ಆಯಿಲ್ ಪಂಪಿಲ್ಲ. ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕಬೇಕು. ಬಂಕಿನಲ್ಲಿ ಅಳತೆ ಡಬ್ಬಿ ಹಿಡಿದು ಆಯಿಲ್ ಹಾಕಿಸಿಕೊಳ್ಳುತ್ತಿದ್ದುದು ನಿಮಗೂ ನೆನಪಿರಬಹುದು. ಅಂದ್ರೆ ಜೆಟ್ಟಿನ ಮೂಲಕ ಹೋಗೋದು ಬರೀ ಆಹಾರ ಅಲ್ಲ, ಔಷಧಿ ಕೂಡಾ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

"ಎಷ್ಟು ಕೊಡುತ್ತೆ?"

ಇಂಗ್ಲೆಂಡಿನ ಹುಡುಗರು ಕಾರ್ಬುರೇಟರ್ ಬಿಚ್ಚಿದ್ದು ಗಂಟೆಗೆ ನೂರು ಮೈಲಿ ದಾಟೋದಕ್ಕೆ. ನಮ್ಮವರು ಬಿಚ್ಚಿದ್ದು ಹೆಚ್ಚಾಗಿ ಅದಕ್ಕೆ ತದ್ವಿರುದ್ಧ ಕಾರಣಕ್ಕೆ. 1973ರಲ್ಲಿ ಅರಬ್ ದೇಶಗಳ ತೈಲ ಬಿಕ್ಕಟ್ಟು ಶುರುವಾಯಿತು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರಲ್ಲಿಗೆ ಸುಮಾರು 3 ಡಾಲರಿನಿಂದ 12 ಡಾಲರಿನ ಹತ್ತಿರ ಹೋಯಿತು. ಆಮೇಲೆ ಗಾಡಿ ನೋಡಿದ ಯಾರೇ ಆಗಲಿ ಮೊದಲು ಕೇಳುವ ಮಾತು "ಎಷ್ಟು ಕೊಡುತ್ತೆ?" ಆಯಿತು. ಸ್ಪೀಡ್ ಎಷ್ಟು ಅಂತಲ್ಲ, ಲೀಟರಿಗೆ ಎಷ್ಟು ಅಂತ. ದ್ವಿಚಕ್ರ ವಾಹನ ಸಾಲಕ್ಕೆ ಬರುವ ಗಿರಾಕಿಗಳ ಬಾಯಲ್ಲಿ ನಾನು ಸಾವಿರಾರು ಸಲ ಈ ಮಾತು ಕೇಳಿದ್ದೇನೆ, ಬಡ್ಡಿ ದರ ಕೇಳೋದು ಅದರ ನಂತರ.

ಹಾಗಾಗಿ ನಮ್ಮ ಊರುಗಳ ಮೆಕ್ಯಾನಿಕ್‌ಗಳು ಬೆಳೆಸಿದ ವಿದ್ಯೆ ‘ಮೈಲೇಜ್ ಸೆಟ್ಟಿಂಗ್’. ನೀಡಲ್ಲಿನ ತುದಿಯಲ್ಲಿ ಸಣ್ಣ ಗಾಡಿಗಳಿರುತ್ತವೆ... ಗಾಡಿ ಅಂದ್ರೆ ವಾಹನ ಅಲ್ಲ, ಕ್ಲಿಪ್ ಕೂರುವ ಗೀರು! ಕ್ಲಿಪ್ಪನ್ನು ಮೇಲಿನ ಗೀರಿಗೆ ಏರಿಸಿದರೆ ನೀಡಲ್ ಕೆಳಗಿಳಿದು ಪೆಟ್ರೋಲಿನ ದಾರಿ ಕಿರಿದಾಗುತ್ತೆ. ಅದೂ ಸಾಲದಿದ್ದರೆ ಒಂದು ಅಳತೆ ಸಣ್ಣ ಜೆಟ್. ಲೀಟರಿಗೆ ಮೂರು ನಾಲ್ಕು ಕಿಲೋಮೀಟರ್ ಹೆಚ್ಚು ಸಿಕ್ಕಿತು ಅಂತ ಮಾಲೀಕ ಖುಷಿಯಾಗಿ ಹೋಗುತ್ತಿದ್ದ.

ಆದರೆ ಪೆಟ್ರೋಲು ಕಡಿಮೆಯಾದರೆ ಜಾವಾದ ಹೊಟ್ಟೆಗೆ ಆಯಿಲ್ಲೂ ಕಡಿಮೆ. ತೆಳು ಮಿಶ್ರಣ ಬಿಸಿಯಾಗಿ ಉರಿಯುತ್ತೆ, ಪಿಸ್ಟನ್ ಹಿಗ್ಗುತ್ತೆ, ಜಾರಿಸೋ ಆಯಿಲ್ ಸಾಲದು. ಬೇಸಿಗೆ ಮಧ್ಯಾಹ್ನ, ಹಿಂದೆ ಹೆಂಡತಿ, ಮುಂದೆ ಟ್ಯಾಂಕಿನ ಮೇಲೆ ಮಗು, ನಂಜನಗೂಡು ರಸ್ತೆ... ಕಿರ್ ಅಂತ ಇಂಜಿನ್ ಹಿಡಿದುಕೊಳ್ಳುತ್ತೆ. ಅದೇ ‘ಸೀಜ್’. ಆಮೇಲೆ ರೀಬೋರ್, ಹೊಸ ಪಿಸ್ಟನ್. ವರ್ಷವಿಡೀ ಪೆಟ್ರೋಲಿನಲ್ಲಿ ಉಳಿಸಿದ್ದು ಒಂದೇ ದಿನ ಲೇತಿನ ಅಂಗಡಿಗೆ ಸಂದಾಯ. ಬ್ಯಾಲೆನ್ಸ್ ಶೀಟಿನಲ್ಲಿ ಇದಕ್ಕೆ ಲಾಭ ಅನ್ನೋದಿಲ್ಲ ಸ್ವಾಮಿ, ಮುಂದೂಡಿದ ನಷ್ಟ ಅಂತಾರೆ.

ಒಳ್ಳೆಯ ಮೆಕ್ಯಾನಿಕ್‌ಗಳು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಯಂತ್ರ ಇಲ್ಲ, ಮೀಟರ್ ಇಲ್ಲ. ಗಾಡಿಯನ್ನು ಒಂದು ಸುತ್ತು ಜೋರಾಗಿ ಓಡಿಸಿ, ಇಂಜಿನ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ಬಣ್ಣ ನೋಡುತ್ತಿದ್ದರು. ಬೆಳ್ಳಗಿದ್ದರೆ ಲೀನ್, ಮಸಿ ಹಿಡಿದಿದ್ದರೆ ರಿಚ್, ಹದವಾಗಿ ಹುರಿದ ಕಾಫಿ ಬೀಜದ ಬಣ್ಣವಿದ್ದರೆ ಸರಿ. ಊಟಿ ಘಾಟಿ ಹತ್ತುವಾಗ ಗಾಡಿ ಭಾರವಾಗಿ ಕಪ್ಪು ಹೊಗೆ ಬಿಡೋದು ಯಾಕೆ ಅಂತಲೂ ಅವರಿಗೆ ಗೊತ್ತಿತ್ತು. ಮೇಲೆ ಹೋದಷ್ಟೂ ಗಾಳಿ ತೆಳು, ಆದರೆ ಜೆಟ್ ಅದೇ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಅಲ್ಲಿ ಹದವಾಗಿ ಕೂರಿಸಿದ ಕಾರ್ಬುರೇಟರ್ ಚೆನ್ನೈ ಕಡಲ ತೀರಕ್ಕೆ ಬಂದರೆ ಗಾಳಿ ದಟ್ಟವಾಗಿ ಮಿಶ್ರಣ ಸ್ವಲ್ಪ ಲೀನ್ ಆಗುತ್ತೆ. ಊರು ಬಿಟ್ಟು ಬಂದವರೆಲ್ಲಾ ಒಂದು ಸಲ ಸೆಟ್ಟಿಂಗ್ ಬದಲಿಸಿಕೊಳ್ಳಲೇಬೇಕು, ಗಾಡಿಗಳೂ ಅಷ್ಟೇ!

ಷೋಳವರಂ

ಹಾಗಂತ ನಮ್ಮಲ್ಲಿ ವೇಗದ ಹುಚ್ಚು ಇರಲಿಲ್ಲ ಅಂತಲ್ಲ. ಚೆನ್ನೈನಿಂದ ಕೋಲ್ಕತ್ತಾ ಹೆದ್ದಾರಿ ಹಿಡಿದು ಹೋದರೆ ಷೋಳವರಂ ಸಿಗುತ್ತೆ. ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುದಾರಿ. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ದಶಕಗಳ ಕಾಲ ರೇಸ್ ನಡೆಸಿತು. 1990ರಲ್ಲಿ ಇರುಂಗಾಟ್ಟುಕೋಟೈಯಲ್ಲಿ ಸ್ವಂತ ಟ್ರ್ಯಾಕ್ ಆಗುವವರೆಗೆ ದಕ್ಷಿಣ ಭಾರತದ ಗಾಡಿ ಹುಚ್ಚರಿಗೆ ಷೋಳವರಂ ಒಂದು ಜಾತ್ರೆ. ಬುಲೆಟ್ಟು, ಯೆಜ್ಡಿ ಎಲ್ಲಾ ಅಲ್ಲಿ ಓಡಿದವು.

ಹೊರದೇಶದ ರೇಸಿಂಗ್ ಭಾಗ ತರಿಸೋಣ ಅಂದ್ರೆ ಆಮದು ಲೈಸೆನ್ಸು ಸಿಗಲ್ಲ, ಸಿಕ್ಕರೂ ಸುಂಕ ಕಟ್ಟೋಕಾಗಲ್ಲ. ಹಾಗಾಗಿ ಇದ್ದದ್ದರಲ್ಲೇ ಮಾಡಬೇಕು. ಎರಡು ಸ್ಟ್ರೋಕಿನ ಗಾಡಿಗೆ ಕಿಂಡಿಗಳನ್ನು ಅರ ಹಿಡಿದು ಉಜ್ಜುವುದು, ಹೆಡ್ ಸವೆಸಿ ಕಂಪ್ರೆಷನ್ ಏರಿಸುವುದು, ಸೈಲೆನ್ಸರ್ ಬದಲು ತಗಡು ಬೆಸೆದು ಹೊಟ್ಟೆ ಉಬ್ಬಿದ ಎಕ್ಸ್‌ಪ್ಯಾನ್ಷನ್ ಪೈಪ್ ಮಾಡುವುದು. ಇಷ್ಟಾದ ಮೇಲೆ ಕಾರ್ಬುರೇಟರ್. ಈ ಕ್ರಮ ಗಮನಿಸಿ. ಬೀದಿಯಲ್ಲಿ ಮೊದಲು ಕಾರ್ಬುರೇಟರ್ ಬದಲಿಸುತ್ತಾರೆ. ರೇಸಿನಲ್ಲಿ ಗೆಲ್ಲುವವರು ಅದನ್ನು ಕೊನೆಗೆ ಬದಲಿಸುತ್ತಾರೆ. ಇಂಜಿನ್ನಿಗೆ ಹೆಚ್ಚು ಉಸಿರಾಡುವ ಶಕ್ತಿ ಬಂದ ಮೇಲೆ ಎಷ್ಟು ದೊಡ್ಡ ಮೂಗು ಬೇಕು ಅಂತ ಇಂಜಿನ್ನೇ ಹೇಳುತ್ತೆ.

ಇದನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡೋಣ. ಹಳೇ ಅಮಲ್ ಹೋಗಿ ಮೈಕಾರ್ಬ್ ಬಂದ ಕಾಲದಲ್ಲಿ ಬುಲೆಟ್ 350ಕ್ಕೆ 24 ಮಿಲಿಮೀಟರ್ ಕಾರ್ಬುರೇಟರ್, 500 ಸಿ.ಸಿ. ಬುಲೆಟ್ಟಿಗೆ 28. ‘500ರ ಕಾರ್ಬು 350ಕ್ಕೆ ಹಾಕೋದು’ ಬಹಳ ಜನ ಮಾಡಿಸಿದ ಮಾರ್ಪಾಟು. ನಾಲ್ಕೇ ಮಿಲಿಮೀಟರ್ ತಾನೇ ಅನ್ನಿಸುತ್ತೆ. ಆದರೆ ಕುತ್ತಿಗೆಯ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತೆ. 24ರ ವರ್ಗ 576, 28ರ ವರ್ಗ 784. ಅಂದ್ರೆ ಬಾಯಿ 36 ಪರ್ಸೆಂಟ್ ಅಗಲವಾಯಿತು. ಇಂಜಿನ್ ಮಾತ್ರ ಅದೇ 346 ಸಿ.ಸಿ., ಎಳೆಯುವ ಗಾಳಿ ಅಷ್ಟೇ. ಆಗ ಪೂರ್ತಿ ತೆರೆದ ಕುತ್ತಿಗೆಯಲ್ಲಿ ಗಾಳಿಯ ವೇಗ ಸುಮಾರು 27 ಪರ್ಸೆಂಟ್ ಇಳಿಯುತ್ತೆ. ವೇಗ ಇಳಿದರೆ ಪೆಟ್ರೋಲನ್ನು ಎಳೆಯುವ ಸೆಳೆತವೂ ಇಳಿಯುತ್ತೆ, ಮಂಜಿನ ಹಾಗೆ ಬರಬೇಕಾದದ್ದು ಹನಿಹನಿಯಾಗಿ ಬರುತ್ತೆ. ಹೆದ್ದಾರಿಯಲ್ಲಿ ಕೊನೇ ಹಂತದಲ್ಲಿ ಒಂದಿಷ್ಟು ಹುರುಪು ಸಿಗಬಹುದು. ಆದರೆ ಸಿಗ್ನಲ್ಲಿನಿಂದ ಹೊರಡುವಾಗ ತಡವರಿಕೆ, ಬೆಳಿಗ್ಗೆ ಕಿಕ್ ಹೊಡೆದು ಹೊಡೆದು ಕಾಲು ನೋವು. ನಿಧಾನಕ್ಕೆ ಡುಗುಡುಗು ಅಂತ ಎಳೆಯೋದೇ ಬುಲೆಟ್ಟಿನ ಸೊಗಸು. ಅದನ್ನೇ ಮಾರಿ ಕೊನೆಯ ಐದು ಕಿಲೋಮೀಟರ್ ವೇಗ ಕೊಂಡ ಹಾಗಾಯಿತು.

ರಾಜದೂತ್ 350ರ ಒಗಟು

ಈ ಕಥೆಯ ಕೊನೆಯ ದೊಡ್ಡ ಅಧ್ಯಾಯ 1983ರದು. ಎಸ್ಕಾರ್ಟ್ಸ್ ಕಂಪನಿ ಯಮಹಾ ಆರ್‌ಡಿ 350 ಗಾಡಿಯನ್ನು ರಾಜದೂತ್ 350 ಎಂಬ ಹೆಸರಿನಲ್ಲಿ ತಂದಿತು. ಎರಡು ಸಿಲಿಂಡರ್, ಎರಡು ಸ್ಟ್ರೋಕ್, ಎರಡು ಮಿಕುನಿ ಕಾರ್ಬುರೇಟರ್. ಜೊತೆಗೆ ರೀಡ್ ವಾಲ್ವ್. ಅಂದ್ರೆ ಮಿಶ್ರಣ ಒಳಗೆ ಬರಬಹುದು, ಹಿಂದಕ್ಕೆ ಉಗುಳಿ ಹೋಗಲಾರದು, ಒಂದೇ ಕಡೆ ತೆರೆಯುವ ತೆಳು ತಗಡಿನ ಬಾಗಿಲು. ಜಾವಾದ ಹಳೇ ಕಾಯಿಲೆಗೆ ಜಪಾನಿನವರು ಕಂಡುಕೊಂಡ ಮದ್ದು ಅದು.

ಹೊರದೇಶದಲ್ಲಿ ಈ ಗಾಡಿಗೆ 39 ಅಶ್ವಶಕ್ತಿ. ನಮ್ಮಲ್ಲಿ ಬಂದದ್ದು ಎರಡು ರೂಪದಲ್ಲಿ: ಮೊದಲು ‘ಹೈ ಟಾರ್ಕ್’, 30.5. ಆಮೇಲೆ ‘ಲೋ ಟಾರ್ಕ್’, 27. ಮತ್ತೆ ಅದೇ "ಎಷ್ಟು ಕೊಡುತ್ತೆ?" ಪ್ರಶ್ನೆಗೆ ಹೆದರಿ ಕಂಪನಿಯೇ ಅದರ ಉಸಿರು ಬಿಗಿದಿತ್ತು. ಹೆಚ್ಚಾಗಿ ಬಿಗಿದದ್ದು ಹೊಗೆ ಹೊರಹೋಗುವ ದಾರಿಯನ್ನು.

ಗಾಡಿ ಕೊಂಡ ಹುಡುಗರು ಕಳೆದುಹೋದ ಶಕ್ತಿಯನ್ನು ಹುಡುಕಿ ಹೊರಟರು. ಕೆಲವರು ಕಾರ್ಬುರೇಟರ್ ದೊಡ್ಡದು ಮಾಡಿದರು, ಏನೂ ಆಗಲಿಲ್ಲ. ಆಗೋದಾದರೂ ಹೇಗೆ? ಬಿಗಿದಿರೋದು ಹಿಂಬಾಗಿಲು, ತೆರೆದಿದ್ದು ಮುಂಬಾಗಿಲು. ಇನ್ನು ಕೆಲವರು ಸೈಲೆನ್ಸರ್ ಬಿಡಿಸಿ ರೇಸಿಂಗ್ ಪೈಪ್ ಹಾಕಿದರು, ಗಾಡಿ ಬಾಣದ ಹಾಗೆ ಹೊರಟಿತು. ಆದರೆ ಜೆಟ್ ಮಾತ್ರ ಹಳೆಯದೇ. ಗಾಳಿ ಹೆಚ್ಚಾಯಿತು, ಪೆಟ್ರೋಲು ಹೆಚ್ಚಾಗಲಿಲ್ಲ. ಪಿಸ್ಟನ್ ತಲೆ ಕರಗಿ ತೂತು. ಮೂರನೆಯವರು ಕೆಲವೇ ಮಂದಿ. ಪೈಪ್, ಕಿಂಡಿ, ಜೆಟ್ ಮೂರನ್ನೂ ಒಟ್ಟಿಗೆ ಲೆಕ್ಕ ಹಾಕಿ ಬದಲಿಸಿದವರು, ಪ್ಲಗ್ಗಿನ ಬಣ್ಣ ನೋಡುತ್ತಾ ಒಂದೊಂದೇ ಅಳತೆ ಮುಂದೆ ಹೋದವರು. ಗಾಡಿ ಉಳಿದದ್ದು ಅವರದೇ. ಇವತ್ತು ಚೆನ್ನಾಗಿ ಓಡುವ ಒಂದು ರಾಜದೂತ್ 350 ನಿಮ್ಮ ಕಣ್ಣಿಗೆ ಬಿದ್ದರೆ, ಅದರ ಹಿಂದೆ ಅಂಥ ಒಬ್ಬ ತಾಳ್ಮೆಯ ಕೈ ಇದೆ ಅಂತ ತಿಳಿಯಿರಿ.

1989ರ ಹೊತ್ತಿಗೆ ಆ ಗಾಡಿಯ ಕಥೆ ಮುಗಿಯುತ್ತಾ ಬಂತು. 1985ರಲ್ಲೇ ಬಂದಿದ್ದ ಹೀರೋ ಹೋಂಡಾ ಸಿಡಿ 100 ‘ಫಿಲ್ ಇಟ್, ಶಟ್ ಇಟ್, ಫರ್ಗೆಟ್ ಇಟ್’ ಅನ್ನುತ್ತಾ ದೇಶವನ್ನೇ ಗೆದ್ದಿತ್ತು. ಪೆಟ್ರೋಲ್ ಹಾಕಿ ಮರೆತುಬಿಡಿ ಅಂತ. ಅದರ ಜೊತೆ ಕಾರ್ಬುರೇಟರ್ ಬಿಚ್ಚುವ ವಿದ್ಯೆಯನ್ನೂ ಜನ ನಿಧಾನವಾಗಿ ಮರೆತರು. 2018ರಲ್ಲಿ ಜಾವಾ ಹೆಸರು, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂದವು, ಆದರೆ ಫ್ಯೂಯೆಲ್ ಇಂಜೆಕ್ಷನ್ ಜೊತೆಗೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾದಾಗ ಹೊಸ ದ್ವಿಚಕ್ರ ವಾಹನಗಳಿಂದ ಹಳೇ ಮಾದರಿಯ ಕಾರ್ಬುರೇಟರ್ ಬಹುತೇಕ ಮಾಯವಾಯಿತು. 1893ರಲ್ಲಿ ಶುರುವಾದದ್ದು, 127 ವರ್ಷ.

ಹಳೇ ವಿದ್ಯೆಗೆ ಹೊಸ ಕೆಲಸ

ಇಲ್ಲಿಗೆ ಕಥೆ ಮುಗಿಯಿತು ಅಂದುಕೊಂಡರೆ ಇಲ್ಲ. 2023ರ ಫೆಬ್ರವರಿ 6ರಂದು ಪ್ರಧಾನಿಯವರು ನಮ್ಮ ಬೆಂಗಳೂರಿನಲ್ಲೇ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ನೂರಕ್ಕೆ 20 ಭಾಗ ಎಥನಾಲ್. 2025ರ ಹೊತ್ತಿಗೆ ದೇಶದ ಬಹುತೇಕ ಬಂಕುಗಳಲ್ಲಿ ಅದೇ ಬಂತು. ಕಬ್ಬು, ಜೋಳ ಬೆಳೆಯುವ ರೈತರಿಗೆ, ದೇಶದ ಆಮದು ಬಿಲ್ಲಿಗೆ ಅದರಿಂದ ಆಗುವ ಅನುಕೂಲ ಬೇರೆ ಚರ್ಚೆ. ನಾನು ಹೇಳೋದು ಹಳೇ ಗಾಡಿಗಳ ವಿಷಯ.

ಎಥನಾಲಿನಲ್ಲೇ ಆಮ್ಲಜನಕ ಇದೆ. ಹಾಗಾಗಿ ಅದು ಉರಿಯಲು ಕಡಿಮೆ ಗಾಳಿ ಸಾಕು, ಒಂದು ಗ್ರಾಮಿಗೆ ಸುಮಾರು 9 ಗ್ರಾಂ. ಇ20 ಮಿಶ್ರಣಕ್ಕೆ ಲೆಕ್ಕ ಸುಮಾರು 13.5ಕ್ಕೆ ಬರುತ್ತೆ. ಇಂಜೆಕ್ಷನ್ ಇರುವ ಹೊಸ ಗಾಡಿಗಳಲ್ಲಿ ಸೆನ್ಸರ್ ಇದನ್ನು ಗುರುತಿಸಿ ಪೆಟ್ರೋಲ್ ಹೆಚ್ಚಿಸುತ್ತೆ. 1970ರ ಜಾವಾದಲ್ಲಿ ಸೆನ್ಸರ್ ಎಲ್ಲಿಂದ ಬರಬೇಕು? ಅದರ ಪಾಲಿಗೆ ಮಿಶ್ರಣ ಎಂಟೊಂಬತ್ತು ಪರ್ಸೆಂಟ್ ಲೀನ್ ಆಗಿಬಿಟ್ಟಿತು, ಮಾಲೀಕ ಏನನ್ನೂ ಮುಟ್ಟದೆಯೇ! ಐವತ್ತು ವರ್ಷದ ಹಿಂದೆ ಮೈಲೇಜಿನ ಆಸೆಗೆ ಆದ ಅನಾಹುತ ಈಗ ಬಂಕಿನಿಂದಲೇ ಬರಬಹುದು.

ಪರಿಹಾರವೂ ಹಳೆಯದೇ. ಅಮಲ್ ಜೆಟ್ಟಿನ ಸಂಖ್ಯೆ ಅಂದ್ರೆ ಹರಿವಿನ ಅಳತೆ ಅಂತ ಹೇಳಿದೆನಲ್ಲ, ಈಗ ಅಂಥ 100ರ ಜೆಟ್ ಇದ್ದರೆ 108 ಅಥವಾ 110ರಿಂದ ಶುರುಮಾಡಬಹುದು. ನೀಡಲ್ಲಿನ ಕ್ಲಿಪ್ ಒಂದು ಗೀರು ಕೆಳಗೆ. ಆಮೇಲೆ ಪ್ಲಗ್ ಬಣ್ಣ ನೋಡಿ ತೀರ್ಮಾನ. ಜೊತೆಗೆ ಇನ್ನೊಂದು ಎಚ್ಚರಿಕೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತೆ. ಹಳೇ ರಬ್ಬರ್ ವಾಷರ್, ಪೆಟ್ರೋಲ್ ಪೈಪು ಉಬ್ಬಿ ಒಡೆಯಬಹುದು. ಸತುವಿನ ಮಿಶ್ರಲೋಹದ ಹಳೇ ಕಾರ್ಬುರೇಟರುಗಳೊಳಗೆ ಬಿಳಿ ಪುಡಿ ಕಟ್ಟಿಕೊಳ್ಳಬಹುದು. ವಾರಗಟ್ಟಲೆ ಓಡಿಸದೆ ನಿಲ್ಲಿಸೋದಾದರೆ ಬಟ್ಟಲು ಖಾಲಿ ಮಾಡಿ ನಿಲ್ಲಿಸಿ. ರಬ್ಬರಿನ ಭಾಗಗಳನ್ನು ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿಕೊಳ್ಳಿ.

ವೇಗಕ್ಕಾಗಿ ಕಲಿತ ವಿದ್ಯೆ ಈಗ ಬರೀ ಉಳಿವಿಗೆ ಬೇಕಾಗಿದೆ. ಆದರೆ ಕಲಿತವರು ಎಲ್ಲಿದ್ದಾರೆ? ಪ್ಲಗ್ಗಿನ ಬಣ್ಣ ನೋಡಿ ಜೆಟ್ ಸಂಖ್ಯೆ ಹೇಳಬಲ್ಲ ಮೆಕ್ಯಾನಿಕ್‌ಗಳು ಈಗ ಅರವತ್ತು ಎಪ್ಪತ್ತು ದಾಟಿದವರು. ಕೈ ನಡುಗುತ್ತೆ, ಕಣ್ಣಿಗೆ ಪೊರೆ ಬಂದಿದೆ. ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಅವರಲ್ಲಿ ಹೆಚ್ಚಿನವರು ಯಾವ ಪುಸ್ತಕವನ್ನೂ ಬರೆದಿಟ್ಟವರಲ್ಲ. ಬ್ಯಾಂಕಿನಲ್ಲಿ ಒಬ್ಬ ಹಳೇ ಕ್ಯಾಷಿಯರ್ ನಿವೃತ್ತನಾದರೆ ಲೆಡ್ಜರ್ ಆದ್ರೂ ಉಳಿಯುತ್ತೆ. ಇಲ್ಲಿ ಲೆಡ್ಜರೇ ಆ ಮನುಷ್ಯ.

ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ಪ್ರಿಯರು ಊರೂರಲ್ಲಿ ಸೇರಿ ಗಾಡಿಗಳನ್ನು ಮೆರವಣಿಗೆ ಹೊರಡಿಸುತ್ತಾರೆ. ಕ್ರೋಮು ಫಳಫಳ, ಫೋಟೋ, ಸಂಭ್ರಮ. ಬಹಳ ಸಂತೋಷ. ಆ ದಿನ ನಿಮ್ಮೂರಿನ ಹಳೇ ಮೆಕ್ಯಾನಿಕ್ ಒಬ್ಬರನ್ನೂ ಕರೆಸಿ, ಒಂದು ಕುರ್ಚಿ ಹಾಕಿ ಕೂರಿಸಿ. ಒಂದು ನೂರು ಪುಟದ ನೋಟ್‌ಬುಕ್ ತಗೊಂಡು ಕೇಳಿ ಬರೆದುಕೊಳ್ಳಿ: ಯಾವ ಗಾಡಿ, ಯಾವ ವರ್ಷದ್ದು, ಮೇನ್ ಜೆಟ್ ಎಷ್ಟು, ಪೈಲಟ್ ಎಷ್ಟು, ನೀಡಲ್ ಎಷ್ಟನೇ ಗೀರಿನಲ್ಲಿ, ಗಾಳಿ ಸ್ಕ್ರೂ ಎಷ್ಟು ಸುತ್ತು, ಯಾವ ಊರಿನಲ್ಲಿ, ಯಾವ ಪೆಟ್ರೋಲಿಗೆ. ದೊಡ್ಡ ಕಾರ್ಬು ಹಾಕಿಸಬೇಕೋ ಬೇಡವೋ ಅನ್ನುವ ಪ್ರಶ್ನೆಗೂ ಅವರೇ ಉತ್ತರ ಹೇಳುತ್ತಾರೆ. ಬಹುಪಾಲು ಸಲ ಅದು "ಬೇಡ, ಇರೋದನ್ನ ಮೊದಲು ಸರಿ ಮಾಡಿ" ಅಂತಲೇ ಇರುತ್ತೆ.